ಬ್ಯಾಕ್ಟೀರಿಯಾ ಬೆಸೆದ ಮರಳಿನ ಮೇಲೆ ಭಾರ ಹಾಕಿ ನೋಡುವುದು: ಕಂಪ್ಯೂಟರಿನಲ್ಲಿ ಮಾಡುವ ಕ್ರಮ

ಈ ಸಿಮ್ಯುಲೇಶನ್‌ನಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಕೂಡ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸದಾಗಿ ಕೈ ಹಾಕುವವರು ಯೂರಿಯಾ, ಪಿಎಚ್, ಜೀವಕೋಶ ಎಲ್ಲವನ್ನೂ ಮಾಡೆಲ್‌ ಒಳಗೆ ತುರುಕಲು ಹೊರಟು ಅಲ್ಲೇ ಸುಸ್ತಾಗುತ್ತಾರೆ. ಮರಳಿನ ಮೇಲೆ ಭಾರ ಬೀಳುವ ಹೊತ್ತಿಗೆ ಬ್ಯಾಕ್ಟೀರಿಯಾದ ಕೆಲಸ ಮುಗಿದಿರುತ್ತದೆ. ಉಳಿದಿರುವುದು ಮರಳಿನ ಕಾಳುಗಳು, ಅವುಗಳ ನಡುವಿನ ಕ್ಯಾಲ್ಸೈಟ್ ಬೆಸುಗೆಗಳು, ಅಷ್ಟೇ.

ಆ ಬೆಸುಗೆ ಆಗುವ ಬಗೆಯನ್ನು ಚುಟುಕಾಗಿ ನೋಡೋಣ. ಸ್ಪೋರೊಸಾರ್ಸಿನಾ ಪಾಶ್ಚರೈ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಂ ಮತ್ತು ಕಾರ್ಬೊನೇಟ್ ಮಾಡುತ್ತದೆ. ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹರಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಕ್ಯಾಲ್ಸೈಟ್, ಹರಳುಗಟ್ಟಿ ಕಾಳುಗಳನ್ನು ಹಿಡಿದುಕೊಳ್ಳುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೊ ಜೊತೆ ಸೇರಿ ಚಂದ್ರನ ಮಣ್ಣಿನಂಥ ಪುಡಿಯಿಂದ ಇಟ್ಟಿಗೆ ಮಾಡಿ ತೋರಿಸಿದ್ದೂ ಇದೇ ಬ್ಯಾಕ್ಟೀರಿಯಾದಿಂದ, ಜೊತೆಗೆ ಗೋರಿಕಾಯಿ ಜಾತಿಯ ಗಿಡದ ಅಂಟು ಬೆರೆಸಿ. ಇಟ್ಟಿಗೆ ಒಂದು ಕಡೆ. ಸಡಿಲ ಮರಳು ಭೂಕಂಪದಲ್ಲಿ ನೀರಿನಂತಾಗದಂತೆ ತಡೆಯುವುದು ಈ ವಿಧಾನದ ಇನ್ನೊಂದು ದೊಡ್ಡ ಆಸೆ. 2001ರ ಭುಜ್ ಭೂಕಂಪದಲ್ಲಿ ಕಛ್‌ನ ರಣದಲ್ಲಿ ಮರಳು ಹೀಗೆಯೇ ನೀರಿನಂತಾಗಿತ್ತು.

ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವ ಮಾತು ಒಂದೇ: ಕ್ಯಾಲ್ಸೈಟ್ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಲ್ಯಾಬ್ ವರದಿಯಲ್ಲಿ ಮೊದಲನೆಯದು ಸುಲಭವಾಗಿ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಸಿಮ್ಯುಲೇಶನ್ ಮಾಡುವವರ ಜಾಣತನವೆಲ್ಲ ಈ ಅಂತರದಲ್ಲೇ ಬೇಕಾಗುವುದು.

ಮೊದಲು ಕೈಯಲ್ಲಿ ಏನಿರಬೇಕು

ಒಂದೇ ಮರಳಿನ ಮೇಲೆ ಮಾಡಿದ ಎರಡು ಬಗೆಯ ಟ್ರೈಆಕ್ಸಿಯಲ್ ಪರೀಕ್ಷೆಗಳು ಬೇಕು: ಬೆಸುಗೆ ಇಲ್ಲದ್ದು ಮತ್ತು ಬೆಸುಗೆ ಇರುವುದು. ರಬ್ಬರ್ ಪೊರೆಯೊಳಗಿನ ಮರಳನ್ನು ಸುತ್ತಲಿಂದ ಒಂದೇ ಒತ್ತಡದಲ್ಲಿ (ಇದೇ ಸುತ್ತೊತ್ತಡ) ಹಿಡಿದು, ಮೇಲಿನಿಂದ ಒತ್ತುತ್ತ ಹೋಗುವ ಪರೀಕ್ಷೆ ಇದು. ಬೆಸುಗೆ ಇರುವುದು ಕನಿಷ್ಠ ಮೂರು ಸುತ್ತೊತ್ತಡಗಳಲ್ಲಿ ಇರಲಿ, ಉದಾಹರಣೆಗೆ 50, 100, 400 ಕಿಲೊಪಾಸ್ಕಲ್. ಆಸಿಡ್‌ನಲ್ಲಿ ತೊಳೆದು ತೂಕದ ವ್ಯತ್ಯಾಸದಿಂದ ಅಳೆದ ಕ್ಯಾಲ್ಸೈಟ್ ಶೇಕಡಾ ಬೇಕು. ಕಾಳಿನ ಗಾತ್ರದ ಹಂಚಿಕೆ ಬೇಕು. ವರದಿಯಲ್ಲಿ ಕೊಟ್ಟ ಸಾಂದ್ರತೆ ಬೆಸುಗೆಗೆ ಮುಂಚಿನದೋ ನಂತರದ್ದೋ ಎಂದು ಕೇಳಿ ತಿಳಿದುಕೊಳ್ಳಿ. ಕ್ಯಾಲ್ಸೈಟ್ ಕೂಡ ಖಾಲಿ ಜಾಗ ತುಂಬುತ್ತದೆ, ಹಾಗಾಗಿ ಎರಡೂ ಒಂದೇ ಅಲ್ಲ.

ಈ ಲೇಖನದ ಲೆಕ್ಕಗಳಿಗೆ ಒಟ್ಟಾವಾ 50-70 ಮರಳನ್ನು ಹಿಡಿಯುತ್ತೇನೆ. ಸಂಶೋಧನೆಯಲ್ಲಿ ತುಂಬ ಬಳಕೆಯಲ್ಲಿರುವ ಸಿಲಿಕಾ ಮರಳು ಇದು. ಸರಾಸರಿ ಕಾಳು 0.22 ಮಿಲಿಮೀಟರ್, ಕಾಳಿನ ಸಾಂದ್ರತೆ ನೀರಿನ 2.65 ಪಟ್ಟು.

ವಿಧಾನ ಮತ್ತು ಸಾಫ್ಟ್‌ವೇರ್

ಮರಳನ್ನು ಒಂದೇ ಮುದ್ದೆಯಾಗಿ ನೋಡುವ ಫೈನೈಟ್ ಎಲಿಮೆಂಟ್ ವಿಧಾನದಲ್ಲೂ ಇದನ್ನು ಮಾಡಬಹುದು. ದೊಡ್ಡ ಅಡಿಪಾಯ ಅಥವಾ ಏರಿಯ ಲೆಕ್ಕಕ್ಕೆ ಅದೇ ಸರಿ. ಬೆಸುಗೆ ಯಾಕೆ, ಯಾವಾಗ, ಎಲ್ಲಿ ಒಡೆಯುತ್ತದೆ ಎಂದು ನೋಡಬೇಕಾದರೆ ಒಂದೊಂದು ಕಾಳನ್ನೂ ಲೆಕ್ಕ ಇಡುವ ಡಿಸ್ಕ್ರೀಟ್ ಎಲಿಮೆಂಟ್ ಮೆಥಡ್, ಅಂದರೆ ಡಿಇಎಂ ಬೇಕು. 1979ರಲ್ಲಿ ಪೀಟರ್ ಕುಂಡಾಲ್ ಮತ್ತು ಓಟೊ ಸ್ಟ್ರ್ಯಾಕ್ ಪ್ರಕಟಿಸಿದ ವಿಧಾನ ಇದು. ಕಾಳುಗಳ ನಡುವೆ ಸಿಮೆಂಟಿನಂಥ ತುಂಡೊಂದನ್ನು ಇಡುವ ಪ್ಯಾರಲಲ್ ಬಾಂಡ್ ಮಾಡೆಲ್ 2004ರಲ್ಲಿ ಪೊಟಿಯೊಂಡಿ ಮತ್ತು ಕುಂಡಾಲ್ ಬರೆದ ಪ್ರಬಂಧದಿಂದ ಹೆಸರಾಯಿತು.

ಡಿಇಎಂ ಸಾಫ್ಟ್‌ವೇರ್‌ಗಳಲ್ಲಿ, ಹಣ ಇದ್ದರೆ ಪಿಎಫ್‌ಸಿ. ಇಲ್ಲದಿದ್ದರೆ ಯಾಡೆ. ಅದು ಉಚಿತ, ಕೋಡ್ ತೆರೆದಿದೆ, ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆಯಬಹುದು, ಉಬುಂಟುವಿನ ಸ್ವಂತ ಸಂಗ್ರಹದಲ್ಲೇ ಸಿಗುತ್ತದೆ. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಯಾಡೆ. ಅದರ ಉದಾಹರಣೆಗಳ ಫೋಲ್ಡರ್‌ನಲ್ಲಿ ಟ್ರೈಆಕ್ಸಿಯಲ್ ಟ್ಯುಟೋರಿಯಲ್ ಇದೆ. ಅದನ್ನು ಹಾಗೇ ಓಡಿಸಿ ನೋಡಿ, ಆಮೇಲೆ ಬದಲಾಯಿಸಿ. ಖಾಲಿ ಫೈಲ್‌ನಿಂದ ಶುರು ಮಾಡುವ ಹಟ ಬೇಡ.

ಎರಡು ಎಚ್ಚರ. ಎಲ್ಲ ಅಳತೆಯೂ ಮೀಟರ್, ಕಿಲೋಗ್ರಾಂ, ಸೆಕೆಂಡಿನಲ್ಲಿ, ಅಂದರೆ ನಮ್ಮ ಕಾಳು 0.00022. ಯಾಡೆಯ ಟ್ರೈಆಕ್ಸಿಯಲ್ ನಿಯಂತ್ರಕದಲ್ಲಿ ಒತ್ತುವ ಒತ್ತಡಕ್ಕೆ ಮೈನಸ್ ಚಿಹ್ನೆ. ಇದನ್ನು ಮರೆತರೆ ಸ್ಯಾಂಪಲ್ ಒತ್ತುವ ಬದಲು ಚದುರಿಹೋಗುತ್ತದೆ.

ಹೆಜ್ಜೆ 1: ಬರಿ ಮರಳನ್ನು ಸರಿಪಡಿಸಿಕೊಳ್ಳಿ

ಬೆಸುಗೆಯ ಯೋಚನೆ ಈಗ ಬೇಡ. ಮರಳಿನ ಕಾಳುಗಳ ಬದಲಿಗೆ ಎಂಟು-ಹತ್ತು ಸಾವಿರ ಗುಂಡುಗಳನ್ನು ಪೆಟ್ಟಿಗೆಯೊಳಗೆ ಸಡಿಲವಾಗಿ ಹರಡಿ, ನಂತರ ಒತ್ತಿ. ಒತ್ತುವಾಗ ಕಾಳುಗಳ ನಡುವಿನ ಘರ್ಷಣೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋದರೆ ಸ್ಯಾಂಪಲ್ ಬಿಗಿಯಾಗುತ್ತದೆ. ಬೇಕಾದ ಸಾಂದ್ರತೆ ಬಂದಾಗ ನಿಲ್ಲಿಸಿ, ಘರ್ಷಣೆಯನ್ನು ನಿಜವಾದ ಮೌಲ್ಯಕ್ಕೆ ಏರಿಸಿ.

ಬೇಕಾದ ಸಾಂದ್ರತೆ ಯಾವುದು? ಇಲ್ಲಿ ಜನ ಎಡವುತ್ತಾರೆ. ಈ ಮರಳಿನ ರಂಧ್ರ ಅನುಪಾತ (ಖಾಲಿ ಜಾಗದ ಗಾತ್ರ ÷ ಕಾಳುಗಳ ಗಾತ್ರ) ತೀರ ಸಡಿಲವಾಗಿದ್ದಾಗ ಸುಮಾರು 0.87, ತೀರ ಬಿಗಿಯಾಗಿದ್ದಾಗ 0.55. ಶೇ 40ರ ಸಾಪೇಕ್ಷ ಸಾಂದ್ರತೆಯಲ್ಲಿ (ಸಡಿಲ ಮಿತಿಯಿಂದ ಬಿಗಿ ಮಿತಿಯ ಕಡೆಗೆ ಶೇ 40ರಷ್ಟು ದೂರದಲ್ಲಿ) 0.74 ಆಗುತ್ತದೆ, ಅಂದರೆ ಒಟ್ಟು ಗಾತ್ರದಲ್ಲಿ ಶೇ 43ರಷ್ಟು ಖಾಲಿ. ನಿಜವಾದ ಕಾಳುಗಳಿಗೆ ಇದು ಮಧ್ಯಮ ಸಡಿಲ. ನುಣ್ಣನೆ ಗುಂಡುಗಳಿಗೆ ಇದು ತುಂಬಾ ಸಡಿಲ, ಏಕೆಂದರೆ ಬಿಗಿಯಾಗಿ ಕೂತ ಗುಂಡುಗಳಲ್ಲಿ ಖಾಲಿ ಜಾಗ ಶೇ 36ರ ಆಸುಪಾಸು ಇರುತ್ತದೆ. ಹಾಗಾಗಿ ರಂಧ್ರದ ಅಂಕಿಯನ್ನೇ ಹಿಡಿದು ಕೂರಬೇಡಿ. ನಿಮ್ಮ ಗುಂಡುಗಳ ಸಡಿಲ ಮತ್ತು ಬಿಗಿ ಮಿತಿಗಳನ್ನು ಕಂಡುಕೊಂಡು, ಅವುಗಳ ನಡುವೆ ಅದೇ ಶೇ 40ರ ಜಾಗಕ್ಕೆ ತನ್ನಿ.

ಗುಂಡುಗಳದ್ದು ಇನ್ನೊಂದು ತೊಂದರೆ: ಅವು ಸಲೀಸಾಗಿ ಉರುಳುತ್ತವೆ. ನಿಜವಾದ ಮರಳಿಗೆ ಮೂಲೆ, ಚಪ್ಪಟೆ ಮೈ ಇರುತ್ತದೆ. ಉರುಳುವಿಕೆಗೆ ತಡೆ ಹಾಕಿ. ಯಾಡೆಯಲ್ಲಿ ಕೊಹ್‌ಫ್ರಿಕ್ಟ್‌ಮ್ಯಾಟ್ ಎಂಬ ವಸ್ತುವನ್ನು ಆರಿಸಿಕೊಂಡರೆ ಉರುಳುವ ತಡೆಯೂ ಇದೆ, ಮುಂದೆ ಬೇಕಾಗುವ ಬೆಸುಗೆಯೂ ಇದೆ.

ಕಾಳಿನ ಗಡಸುತನಕ್ಕೆ ಸ್ಫಟಿಕ ಶಿಲೆಯ ನಿಜವಾದ ಮೌಲ್ಯ ಹಾಕಬೇಕಿಲ್ಲ. ಹಾಕಿದರೆ ಕಾಲದ ಹೆಜ್ಜೆ (ಒಂದು ಸುತ್ತಿನ ಲೆಕ್ಕದಲ್ಲಿ ಮುಂದೆ ಸಾಗುವ ಸಮಯ) ತೀರ ಸಣ್ಣದಾಗಿ ಲೆಕ್ಕ ಮುಗಿಯುವುದೇ ಇಲ್ಲ. 100 ಕಿಲೊಪಾಸ್ಕಲ್ ಸುತ್ತೊತ್ತಡಕ್ಕೆ 200ರಿಂದ 500 ಮೆಗಾಪಾಸ್ಕಲ್‌ನಿಂದ ಶುರು ಮಾಡಿ. ನಂತರ ಲ್ಯಾಬ್ ಕರ್ವ್‌ನ (ವಿರೂಪಕ್ಕೆ ತಕ್ಕಂತೆ ಒತ್ತಡ ತೋರಿಸುವ ಗೆರೆಯ) ಆರಂಭದ ಏರಿಗೆ ಹೊಂದಿಸಿ. ಘರ್ಷಣೆ ಮತ್ತು ಉರುಳುವ ತಡೆಯನ್ನು ಗರಿಷ್ಠ ಬಲಕ್ಕೂ ಕೊನೆಯ ಸ್ಥಿರ ಬಲಕ್ಕೂ ಹೊಂದಿಸಿ. ಗಾತ್ರ ಹಿಗ್ಗುವ ಕರ್ವ್ ಕೂಡ ತಕ್ಕಮಟ್ಟಿಗೆ ಸರಿಬಂದರೆ ಈ ಮೌಲ್ಯಗಳಿಗೆ ಬೀಗ ಹಾಕಿ. ಇನ್ನು ಮುಂದೆ ಇವನ್ನು ಮುಟ್ಟುವ ಹಾಗಿಲ್ಲ. ಬೆಸುಗೆ ಹಾಕಿದ ಮೇಲೆ ಕರ್ವ್ ಕೂಡದಿದ್ದಾಗ ಘರ್ಷಣೆಯನ್ನು ಸುಮ್ನೆ ಒಂಚೂರು ಏರಿಸೋಣ ಎಂಬ ಆಸೆ ಬರುತ್ತದೆ. ಅಲ್ಲಿ ಕೈ ಬಿಟ್ಟರೆ ಬೆಸುಗೆಯಿಂದ ಬಂದ ಬಲ ಯಾವುದು, ಘರ್ಷಣೆಯಿಂದ ಬಂದದ್ದು ಯಾವುದು ಎಂದು ಮತ್ತೆ ಬೇರ್ಪಡಿಸಲು ಆಗುವುದಿಲ್ಲ.

ಹೆಜ್ಜೆ 2: ಕ್ಯಾಲ್ಸೈಟ್ ಶೇಕಡಾದಿಂದ ಬೆಸುಗೆಯ ಅಳತೆ

ಈ ಹೆಜ್ಜೆಯನ್ನು ನಿಧಾನವಾಗಿ ಓದಿ. ತೂಕದಲ್ಲಿ ಶೇ 3 ಕ್ಯಾಲ್ಸೈಟ್ ಇದೆ ಎಂದುಕೊಳ್ಳೋಣ.

0.22 ಮಿಮೀ ಗುಂಡಿನ ಗಾತ್ರ ಸುಮಾರು 0.0056 ಘನ ಮಿಮೀ, ತೂಕ ಸುಮಾರು 14.8 ಮೈಕ್ರೊಗ್ರಾಂ. ಅದರ ಶೇ 3 ಅಂದರೆ 0.44 ಮೈಕ್ರೊಗ್ರಾಂ ಕ್ಯಾಲ್ಸೈಟ್. ಕ್ಯಾಲ್ಸೈಟ್‌ನ ಸಾಂದ್ರತೆ ನೀರಿನ 2.71 ಪಟ್ಟು, ಆದ್ದರಿಂದ ಒಂದು ಕಾಳಿನ ಪಾಲಿಗೆ ಬರುವ ಕ್ಯಾಲ್ಸೈಟ್ ಗಾತ್ರ 0.000164 ಘನ ಮಿಮೀ. ಒಂದು ಕಾಳು ಸರಾಸರಿ ಆರು ಕಾಳುಗಳನ್ನು ಮುಟ್ಟುತ್ತದೆ ಎಂದು ಹಿಡಿಯಿರಿ. ಪ್ರತಿ ಸಂಪರ್ಕವೂ ಇಬ್ಬರಿಗೆ ಸೇರಿದ್ದು, ಹಾಗಾಗಿ ಕಾಳಿಗೆ ಮೂರು ಸಂಪರ್ಕ. ಎಲ್ಲ ಕ್ಯಾಲ್ಸೈಟ್ ಸಂಪರ್ಕದಲ್ಲೇ ಕೂತರೆ ಒಂದೊಂದಕ್ಕೆ 0.0000545 ಘನ ಮಿಮೀ.

ಮುಟ್ಟಿಕೊಂಡಿರುವ ಎರಡು ಗುಂಡುಗಳ ನಡುವಿನ ಬೆಣೆಯಾಕಾರದ ಸಂದಿಯನ್ನು ಒಂದು ತ್ರಿಜ್ಯದವರೆಗೆ ತುಂಬಿದರೆ, ತುಂಬಿದ ಗಾತ್ರ ಆ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಲೆಕ್ಕದ ಸೂತ್ರ ಹೀಗೆ:

ಬೆಸುಗೆಯ ಗಾತ್ರ = ಪೈ × (ಬೆಸುಗೆಯ ತ್ರಿಜ್ಯ)⁴ ÷ (2 × ಕಾಳಿನ ತ್ರಿಜ್ಯ)

ನಮ್ಮ ಅಂಕಿಗಳನ್ನು ಹಾಕಿದರೆ ಬೆಸುಗೆಯ ತ್ರಿಜ್ಯ 0.044 ಮಿಮೀ, ಕಾಳಿನ ತ್ರಿಜ್ಯದ ಶೇ 40. ಬೆಸುಗೆಯ ಅಡ್ಡಕೊಯ್ತ ಸುಮಾರು 0.0061 ಚದರ ಮಿಮೀ.

ಆದರೆ ಎಲ್ಲ ಕ್ಯಾಲ್ಸೈಟ್ ಸಂಪರ್ಕದಲ್ಲೇ ಕೂರುವುದಿಲ್ಲ. ಪುರಿ ಉಂಡೆ ಕಟ್ಟುವಾಗ ಪಾಕದ ಒಂದು ಪಾಲು ಪುರಿಯ ಮೈಗೆ ಸುಮ್ಮನೆ ಮೆತ್ತಿಕೊಳ್ಳುತ್ತದಲ್ವಾ, ಉಂಡೆಯನ್ನು ಹಿಡಿದಿಡುವುದು ಪುರಿಗೆ ಪುರಿ ತಾಗುವಲ್ಲಿ ಇರುವ ಪಾಕ ಮಾತ್ರ. ಮರಳಿನಲ್ಲೂ ಅದೇ ಕಥೆ. ಒಂದಷ್ಟು ಹರಳು ಕಾಳಿನ ಮೈಮೇಲೆ ಹೊದಿಕೆಯಾಗುತ್ತದೆ, ಒಂದಷ್ಟು ರಂಧ್ರದಲ್ಲಿ ಬೆಳೆಯುತ್ತದೆ. ಕಾಲು ಭಾಗ ಮಾತ್ರ ಸಂಪರ್ಕದಲ್ಲಿ ಕೂತಿದೆ ಎಂದುಕೊಂಡರೆ ತ್ರಿಜ್ಯ 0.031 ಮಿಮೀಗೆ ಇಳಿಯುತ್ತದೆ, ಅಡ್ಡಕೊಯ್ತ ಸರಿಯಾಗಿ ಅರ್ಧವಾಗುತ್ತದೆ. ಇದರಲ್ಲೊಂದು ಸ್ವಾರಸ್ಯ ಇದೆ. ಕ್ಯಾಲ್ಸೈಟ್ ನಾಲ್ಕರಲ್ಲಿ ಒಂದಾದರೂ ಬೆಸುಗೆ ಅರ್ಧ ಉಳಿಯುತ್ತದೆ. ಮೊದಲ ಹನಿ ಕ್ಯಾಲ್ಸೈಟ್ ಮಾಡುವ ಕೆಲಸ ಆಮೇಲೆ ಬರುವ ಹನಿಗಳು ಮಾಡುವುದಿಲ್ಲ.

ಈಗ ಈ ಬೆಸುಗೆ ಗಟ್ಟಿಯೋ ಅಲ್ಲವೋ? ಬೆಸುಗೆಯ ಬಲ 1 ಮೆಗಾಪಾಸ್ಕಲ್ ಎಂದುಕೊಂಡರೆ 0.0061 ಚದರ ಮಿಮೀ ಬೆಸುಗೆ ತಡೆಯುವುದು 6 ಮಿಲಿನ್ಯೂಟನ್. 100 ಕಿಲೊಪಾಸ್ಕಲ್ ಸುತ್ತೊತ್ತಡದಲ್ಲಿ ಕಾಳುಗಳ ನಡುವಿನ ಸರಾಸರಿ ಬಲವನ್ನು ಒತ್ತಡ ಗುಣಿಸು ವ್ಯಾಸದ ವರ್ಗ ಎಂದು ಅಂದಾಜಿಸಿದರೆ ಸುಮಾರು 5 ಮಿಲಿನ್ಯೂಟನ್. ಎರಡೂ ಹತ್ತಿರ ಹತ್ತಿರ. ಅಂದರೆ ಆ ಒತ್ತಡದಲ್ಲಿ ಬೆಸುಗೆಯ ಪ್ರಭಾವ ಎದ್ದು ಕಾಣುತ್ತದೆ, 400ರಲ್ಲಿ ಮಂಕಾಗುತ್ತದೆ. ಸಿಮ್ಯುಲೇಶನ್ ಓಡಿಸುವ ಮುಂಚೆಯೇ ಈ ಕೈಲೆಕ್ಕ ಮಾಡಿಕೊಳ್ಳಿ. ಫಲಿತಾಂಶ ಇದಕ್ಕೆ ಪೂರ್ತಿ ವಿರುದ್ಧ ಬಂದರೆ ಅಂಕಿ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಈ ಎರಡೂ ಬಲ ವ್ಯಾಸದ ವರ್ಗಕ್ಕೆ ಅನುಗುಣ. ಕಾಳುಗಳನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಬೆಸುಗೆಯನ್ನೂ ಅದೇ ಶೇ 40ರಲ್ಲಿ ಇಟ್ಟರೆ ಅವುಗಳ ಅನುಪಾತ ಬದಲಾಗುವುದಿಲ್ಲ. ಕಂಪ್ಯೂಟರ್ ಬಡವಾಗಿದ್ದರೆ ಈ ದಾರಿ ಹಿಡಿಯಬಹುದು.

ಯಾಡೆಗೆ ಈ ಅಂಕಿ ಕೊಡುವಾಗ ಒಂದು ಸೂಕ್ಷ್ಮ. ಕೊಹ್‌ಫ್ರಿಕ್ಟ್‌ಮ್ಯಾಟ್ ಬೆಸುಗೆಯ ಬಲವನ್ನು ನೀವು ಕೊಟ್ಟ ಕೊಹೀಶನ್ ಗುಣಿಸು ಚಿಕ್ಕ ಕಾಳಿನ ತ್ರಿಜ್ಯದ ವರ್ಗ ಎಂದು ಲೆಕ್ಕ ಹಾಕುತ್ತದೆ. ಪೈ ಇಲ್ಲ, ಬೆಸುಗೆಯ ತ್ರಿಜ್ಯವೂ ಇಲ್ಲ. ಆದ್ದರಿಂದ 1 ಮೆಗಾಪಾಸ್ಕಲ್ ಬೆಸುಗೆಗೆ ಕೊಡಬೇಕಾದ್ದು ಪೈ × 0.4 × 0.4, ಅಂದರೆ ಸುಮಾರು 0.5 ಮೆಗಾಪಾಸ್ಕಲ್. ನಿಮ್ಮ ಆವೃತ್ತಿಯಲ್ಲಿ ಒಂದು ಸಂಪರ್ಕವನ್ನು ಹಿಡಿದು ಬಲವನ್ನು ಪ್ರಿಂಟ್ ಮಾಡಿ ಖಚಿತಪಡಿಸಿಕೊಳ್ಳಿ.

ಇನ್ನು ಏರುಪೇರು. ಎಲ್ಲ ಬೆಸುಗೆಗೂ ಒಂದೇ ಬಲ ಕೊಟ್ಟರೆ ಸ್ಯಾಂಪಲ್ ಗಾಜಿನಂತೆ ಪಟ್ ಎಂದು ಒಡೆಯುತ್ತದೆ. ಲ್ಯಾಬ್ ಕರ್ವ್ ಅಷ್ಟು ಚೂಪಾಗಿರುವುದಿಲ್ಲ. ಬೆಸುಗೆ ಹಾಕಿದ ತಕ್ಷಣ ಎಲ್ಲ ಸಂಪರ್ಕಗಳ ಮೇಲೆ ಒಂದು ಲೂಪ್ ಓಡಿಸಿ. ಒಂದಷ್ಟು ಪಾಲನ್ನು ಯಾದೃಚ್ಛಿಕವಾಗಿ ಆರಿಸಿ ಬೆಸುಗೆ ಇಲ್ಲ ಎಂದು ಗುರುತು ಹಾಕಿ, ಉಳಿದವಕ್ಕೆ ವೈಬುಲ್ ಅಥವಾ ಲಾಗ್‌ನಾರ್ಮಲ್ ಎಂಬ ಸಂಖ್ಯಾಶಾಸ್ತ್ರದ ಹಂಚಿಕೆಯಿಂದ ಬೇರೆ ಬೇರೆ ಬಲ ಕೊಡಿ. ಬೆಸೆದ ಸಂಪರ್ಕಗಳ ಪಾಲು ಮತ್ತು ಹಂಚಿಕೆಯ ಹರವು, ಕ್ಯಾಲ್ಸೈಟ್ ಎಲ್ಲಿ ಕೂತಿದೆ ಎಂಬ ಪ್ರಶ್ನೆಗೆ ನಿಮ್ಮ ಮಾಡೆಲ್ ಕೊಡುವ ಉತ್ತರ ಈ ಎರಡು ಅಂಕಿಗಳೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಸಿಕ್ಕರೆ ಅದನ್ನು ನೋಡಿ ಅಂದಾಜು ಮಾಡಿ, ಸಿಗದಿದ್ದರೆ ಎರಡು-ಮೂರು ಊಹೆಗಳನ್ನು ಇಟ್ಟುಕೊಂಡು ಎಲ್ಲವನ್ನೂ ಓಡಿಸಿ.

ಕ್ಯಾಲ್ಸೈಟನ್ನು ಪುಟ್ಟ ಪುಟ್ಟ ಕಾಳುಗಳಾಗಿಯೇ ಇಡುವ ಇನ್ನೊಂದು ದಾರಿ ಇದೆ. ನೋಡಲು ಚಂದ. ಆದರೆ ಸಣ್ಣ ಕಾಳು ಬಂದ ಕೂಡಲೇ ಕಾಲದ ಹೆಜ್ಜೆ ಕುಗ್ಗುತ್ತದೆ, ಕಾಳಿನ ಸಂಖ್ಯೆ ಏರುತ್ತದೆ. ಮೊದಲ ಸಲಕ್ಕೆ ಬೇಡ.

ಹೆಜ್ಜೆ 3: ಬೆಸುಗೆ ಹಾಕುವ ಹೊತ್ತು

ಲ್ಯಾಬ್‌ನಲ್ಲಿ ಮರಳು ಸಣ್ಣ ಒತ್ತಡದಲ್ಲಿ ಇರುವಾಗ ದ್ರಾವಣ ಹರಿಸಿ ಬೆಸೆಯುತ್ತಾರೆ. ಆಮೇಲೆ ಸುತ್ತೊತ್ತಡವನ್ನು 100ಕ್ಕೋ 400ಕ್ಕೋ ಏರಿಸುತ್ತಾರೆ. ಆ ಏರಿಕೆಯಲ್ಲೇ ಒಂದಷ್ಟು ಬೆಸುಗೆ ಒಡೆದುಹೋಗುತ್ತದೆ. ಸಿಮ್ಯುಲೇಶನ್‌ನಲ್ಲೂ ಇದೇ ಕ್ರಮ ಇರಲಿ: ಸಣ್ಣ ಒತ್ತಡಕ್ಕೆ ಒತ್ತಿ, ಬೆಸೆಯಿರಿ, ನಂತರ ಏರಿಸಿ. ನೇರವಾಗಿ 400ಕ್ಕೆ ಒತ್ತಿ ಅಲ್ಲಿ ಬೆಸೆದರೆ ಬೆಸುಗೆಗಳೆಲ್ಲ ಹೊಚ್ಚ ಹೊಸದಾಗಿ, ಏನೂ ಹೊರೆ ಇಲ್ಲದೆ ಕೂತಿರುತ್ತವೆ. ಹೆಚ್ಚಿನ ಒತ್ತಡದಲ್ಲಿ ಮಾಡೆಲ್ ಲ್ಯಾಬ್‌ಗಿಂತ ಜಾಸ್ತಿ ಬಲ ತೋರಿಸುವುದಕ್ಕೆ ಇದು ಒಂದು ಮಾಮೂಲಿ ಕಾರಣ.

ಬೆಸೆಯುವಾಗ ನೋಡಬೇಕಾದ ಮೂರು ಸ್ವಿಚ್‌ಗಳು. ಗೋಡೆಗಳ ವಸ್ತುವಿಗೆ ಬೆಸುಗೆ ಗುಣ ಇರಬಾರದು, ಇಲ್ಲದಿದ್ದರೆ ಸ್ಯಾಂಪಲ್ ಪೆಟ್ಟಿಗೆಗೇ ಅಂಟುತ್ತದೆ. ಬೆಸುಗೆ ಮುರಿದರೆ ಪೂರ್ತಿ ಮುರಿಯುವಂತೆ ಇರಲಿ. ಹೊಸ ಸಂಪರ್ಕಗಳಿಗೂ ಬೆಸುಗೆ ಹಾಕುವ ಆಯ್ಕೆಯನ್ನು ಆಫ್ ಮಾಡಿ. ಅದು ಆನ್ ಇದ್ದರೆ ಕಾಳು ಜಾರಿ ಪಕ್ಕದ್ದನ್ನು ಮುಟ್ಟಿದ ಕೂಡಲೇ ಮತ್ತೆ ಅಂಟಿಕೊಳ್ಳುತ್ತದೆ, ಕರ್ವ್ ಕೆಳಗೆ ಇಳಿಯುವುದೇ ಇಲ್ಲ. ಬೆಸುಗೆ ಹೋದ ಮೇಲೂ ಘರ್ಷಣೆ ಉಳಿಯಬೇಕು ಎನ್ನುವುದು ಗೊತ್ತಿರಲಿ.

ಒಂಚೂರು ಸಂದಿ ಇರುವ ಕಾಳುಗಳನ್ನೂ ಕ್ಯಾಲ್ಸೈಟ್ ಸೇತುವೆಯಂತೆ ಜೋಡಿಸುತ್ತದೆ. ಅದು ಬೇಕಿದ್ದರೆ ಸಂಪರ್ಕ ಪತ್ತೆಯ ದೂರವನ್ನು ಶೇ 2–5ರಷ್ಟು ಹಿಗ್ಗಿಸಿ ಬೆಸೆದು, ಮತ್ತೆ ಮೊದಲಿನಂತೆ ಮಾಡಿ.

ಹೆಜ್ಜೆ 4: ಎಷ್ಟು ವೇಗವಾಗಿ ಒತ್ತಬೇಕು

ಲ್ಯಾಬ್‌ನ ವೇಗದಲ್ಲಿ ಒತ್ತಿದರೆ ಲೆಕ್ಕ ಮುಗಿಯುವ ಮಾತೇ ಇಲ್ಲ. ಅದರ ಬದಲು ಜಡತ್ವದ ಸಂಖ್ಯೆಯನ್ನು ನೋಡಿ: ವಿರೂಪದ ವೇಗ × ವ್ಯಾಸ × (ಸಾಂದ್ರತೆ ÷ ಒತ್ತಡ)ದ ವರ್ಗಮೂಲ. ಇದು 0.001ಕ್ಕಿಂತ ಸಾಕಷ್ಟು ಕೆಳಗಿದ್ದರೆ ನಿಧಾನವಾಗಿ ಒತ್ತಿದಂತೆಯೇ. ನಮ್ಮ ಮರಳಿಗೆ 100 ಕಿಲೊಪಾಸ್ಕಲ್‌ನಲ್ಲಿ, ಸೆಕೆಂಡಿಗೆ 1ರ ವಿರೂಪ ವೇಗದಲ್ಲಿ, ಇದು ಸುಮಾರು 0.000036. ಸಾಕು. ಶೇ 20 ವಿರೂಪಕ್ಕೆ 0.2 ಸೆಕೆಂಡ್. 500 ಮೆಗಾಪಾಸ್ಕಲ್ ಗಡಸುತನಕ್ಕೆ ಸುರಕ್ಷಿತ ಕಾಲದ ಹೆಜ್ಜೆ ಒಂದು ಸೆಕೆಂಡಿನ ಕೋಟಿಯ ಒಂದು ಭಾಗದ ಆಸುಪಾಸು, ಹಾಗಾಗಿ ಹದಿನಾರರಿಂದ ಇಪ್ಪತ್ತು ಲಕ್ಷ ಹೆಜ್ಜೆ. ರಾತ್ರಿ ಹಚ್ಚಿ ಮಲಗುವ ಕೆಲಸ.

ವೇಗವನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಓಡಿಸಿ. ಕರ್ವ್ ಬದಲಾಗದಿದ್ದರೆ ವೇಗ ಸರಿ ಇದೆ. ಬೆಸುಗೆ ಇರುವ ಸ್ಯಾಂಪಲ್‌ಗೆ ಈ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಬೇಕು. ಒಂದು ಬೆಸುಗೆ ಒಡೆದಾಗ ಹೊರಬರುವ ಶಕ್ತಿ ಪಕ್ಕದ್ದನ್ನು ಒಡೆಯುತ್ತದೆ, ವೇಗ ಜಾಸ್ತಿ ಇದ್ದರೆ ಇದು ಸರಣಿಯಾಗುತ್ತದೆ.

ಹೆಜ್ಜೆ 5: ಏನನ್ನು ಬರೆದಿಡಬೇಕು

ಒತ್ತಡ, ವಿರೂಪ, ಗಾತ್ರದ ಬದಲಾವಣೆ ಇವು ಹೇಗೂ ಇರುತ್ತವೆ. ಜೊತೆಗೆ ಉಳಿದ ಬೆಸುಗೆಗಳ ಸಂಖ್ಯೆ, ಎಳೆತದಲ್ಲಿ ಎಷ್ಟು ಒಡೆದವು, ಜಾರಿಕೆಯಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಿರಿ. ಒಡೆದ ಜಾಗದ ನಿರ್ದೇಶಾಂಕವನ್ನೂ ಇಟ್ಟುಕೊಳ್ಳಿ. ಒಡೆತಗಳು ಓರೆಯಾದ ಪಟ್ಟಿಯಲ್ಲಿ ಗುಂಪಾಗುತ್ತಿವೆಯೋ, ಎಲ್ಲೆಡೆ ಚದುರಿವೆಯೋ ಅದರಿಂದಲೇ ತಿಳಿಯುತ್ತದೆ. ಗಟ್ಟಿ ಗೋಡೆಗಳ ಪೆಟ್ಟಿಗೆ ಈ ಪಟ್ಟಿಯನ್ನು ಸ್ವಲ್ಪ ಅಡಗಿಸುತ್ತದೆ. ಲ್ಯಾಬ್‌ನ ರಬ್ಬರ್ ಪೊರೆ ಬಾಗುತ್ತದೆ, ಗೋಡೆ ಬಾಗುವುದಿಲ್ಲ.

ಸರಿಯಾದ ಮಾಡೆಲ್‌ನಲ್ಲಿ ಬೆಸುಗೆಗಳು ಗರಿಷ್ಠ ಬಲಕ್ಕಿಂತ ಮುಂಚೆಯೇ ಒಡೆಯಲು ಶುರುವಾಗುತ್ತವೆ. ಬರಿ ಮರಳಿಗಿಂತ ಆರಂಭದ ಏರು ಕಡಿದಾಗಿರುತ್ತದೆ, ಗರಿಷ್ಠ ಬಲ ಬೇಗ ಬರುತ್ತದೆ, ನಂತರ ಇಳಿಯುತ್ತದೆ. ಗಾತ್ರ ಹಿಗ್ಗುವ ವೇಗ ಗರಿಷ್ಠ ಬಲ ದಾಟಿದ ಮೇಲೆ ತುದಿ ಮುಟ್ಟುವುದು ಬೆಸೆದ ಮರಳಿನ ಗುರುತು. ದೊಡ್ಡ ವಿರೂಪದಲ್ಲಿ ಕರ್ವ್ ಬರಿ ಮರಳಿನ ಹತ್ತಿರ ಬರುತ್ತದೆ, ಆದರೆ ಒಡೆಯದೆ ಉಳಿದ ಸಣ್ಣ ಹೆಂಟೆಗಳಿಂದಾಗಿ ಪೂರ್ತಿ ಒಂದಾಗದೆಯೂ ಇರಬಹುದು.

ಹೆಜ್ಜೆ 6: ಹೊಂದಿಸಿ, ನಂತರ ಪರೀಕ್ಷೆಗೆ ಕೂರಿಸಿ

ಬೆಸೆದ ಮರಳಿನ 100 ಕಿಲೊಪಾಸ್ಕಲ್ ಕರ್ವ್ ಒಂದನ್ನೇ ಹೊಂದಿಸಲು ಬಳಸಿ. ಆರಂಭದ ಏರಿಗೆ ಬೆಸುಗೆಯ ಗಡಸುತನ, ಗರಿಷ್ಠ ಬಲಕ್ಕೆ ಬೆಸುಗೆಯ ಬಲ, ಇಳಿಜಾರಿನ ರೂಪಕ್ಕೆ ಏರುಪೇರಿನ ಹರವು. ಈ ಕ್ರಮದಲ್ಲಿ ಒಂದೊಂದನ್ನೇ ಮುಟ್ಟಿ. ಪ್ರತಿ ಸಲವೂ ಬೇರೆ ಯಾದೃಚ್ಛಿಕ ಬೀಜದಿಂದ (ಗುಂಡುಗಳ ಹರಡಿಕೆಯನ್ನು ನಿರ್ಧರಿಸುವ ಶುರುವಿನ ಅಂಕಿಯಿಂದ) ಇನ್ನೆರಡು ಸ್ಯಾಂಪಲ್ ಓಡಿಸಿ. ಮೂರು ಕರ್ವ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಸೂಕ್ಷ್ಮವಾಗಿ ಹೊಂದಿಸುವುದರಲ್ಲಿ ಅರ್ಥವಿಲ್ಲ.

ಆಮೇಲೆ ಯಾವ ಅಂಕಿಯನ್ನೂ ಬದಲಾಯಿಸದೆ 50 ಮತ್ತು 400 ಓಡಿಸಿ ಲ್ಯಾಬ್ ಕರ್ವ್ ಪಕ್ಕದಲ್ಲಿಡಿ. ಕೇವಲ ಹೊಂದಿಸಿದ ಕರ್ವ್ ತೋರಿಸಿ ಮಾಡೆಲ್ ಸರಿ ಇದೆ ಎನ್ನುವ ಪ್ರಬಂಧವನ್ನು ನಾನು ನಂಬುವುದಿಲ್ಲ. ಬದಲಾಯಿಸಬಹುದಾದ ಅಂಕಿಗಳು ಅಷ್ಟೊಂದು ಇದ್ದರೆ ಯಾವ ಕರ್ವ್‌ಗಾದರೂ ಹೊಂದಿಸಬಹುದು. 50ರಲ್ಲಿ ಬಲ ಕಡಿಮೆ, 400ರಲ್ಲಿ ಜಾಸ್ತಿ ಬಂದರೆ ಬೆಸುಗೆಯಿಂದ ಬರಬೇಕಾದ ಬಲ ಘರ್ಷಣೆಯ ಲೆಕ್ಕಕ್ಕೆ ಸೇರಿದೆಯೇ ನೋಡಿ, ಬರಿ ಮರಳಿನ ಹೆಜ್ಜೆಗೆ ವಾಪಸ್ ಹೋಗಿ. 400ರಲ್ಲಿ ಮಾತ್ರ ಜಾಸ್ತಿ ಬಂದರೆ ಬೆಸುಗೆ ಹಾಕಿದ ಹೊತ್ತನ್ನು ನೋಡಿ. ಎರಡೂ ಸರಿ ಇದ್ದು ಇಳಿಜಾರು ಮಾತ್ರ ತೀರ ಕಡಿದಾಗಿದ್ದರೆ ಬೆಸೆದ ಸಂಪರ್ಕಗಳ ಪಾಲನ್ನು ಇಳಿಸಿ, ಉಳಿದವುಗಳ ಬಲ ಏರಿಸಿ, 100ರಿಂದ ಮತ್ತೆ ಶುರು ಮಾಡಿ.

ಇಷ್ಟಾದ ಮೇಲೆ ನೀರು ಹೊರಹೋಗದ ಪರೀಕ್ಷೆ ಬೇಕಿದ್ದರೆ ಹೊಸ ಮಾಡೆಲ್ ಬೇಡ. ಗಾತ್ರ ಬದಲಾಗದಂತೆ ಗೋಡೆಗಳನ್ನು ನಡೆಸಿ. ಪಕ್ಕದ ಗೋಡೆಗಳ ಮೇಲಿನ ಒತ್ತಡ ಶುರುವಿನ ಸುತ್ತೊತ್ತಡಕ್ಕಿಂತ ಎಷ್ಟು ಇಳಿಯಿತೋ ಅಷ್ಟು ರಂಧ್ರದ ನೀರಿನ ಒತ್ತಡ ಎಂದು ತಿಳಿಯಿರಿ. ಅದೇ ಸ್ಕ್ರಿಪ್ಟ್‌ನಲ್ಲಿ ಒತ್ತುವ ದಿಕ್ಕನ್ನು ಹಿಂದೆ-ಮುಂದೆ ಮಾಡಿದರೆ ಭೂಕಂಪದ ಅಲುಗಾಟಕ್ಕೆ ಬೆಸುಗೆಗಳು ಎಷ್ಟು ಸುತ್ತು ತಡೆಯುತ್ತವೆ ಎಂದು ಎಣಿಸಬಹುದು. ಅಲ್ಲಿ ಬರಿ ಮರಳಿನ ಸ್ಯಾಂಪಲ್ ಒಂದನ್ನು ಅದೇ ಅಲುಗಾಟಕ್ಕೆ ಜೊತೆಯಲ್ಲೇ ಓಡಿಸಲು ಮರೆಯಬೇಡಿ.